ಹಳೆಯ ಸಿ ಮಾಡ್ಯೂಲ್ ಹೊಸ ಪೈಥಾನ್‌ನಲ್ಲಿ ಕಂಪೈಲ್ ಆಗುತ್ತಿಲ್ಲ, ‘ಜಿಸಿಸಿ ವಿಫಲ’ ಎಂದಷ್ಟೇ ಹೇಳುತ್ತದೆ

ಮೊಳೆಜೋಡಕ · ಶನಿವಾರ ಬೆಳಿಗ್ಗೆ 10.15

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಪುಟವಿನ್ಯಾಸದ ಕೆಲಸ ನನ್ನದು. ನಾನು ಪ್ರೋಗ್ರಾಮರ್ ಅಲ್ಲ, ಪ್ರೋಗ್ರಾಮರ್ ಒಬ್ಬರು ಬಿಟ್ಟುಹೋದ ಸಾಮಾನು ಕಾಯುವವನು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿರುವ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಲು ಅವರು 2013ರಲ್ಲಿ ಸಿ ಭಾಷೆಯಲ್ಲಿ ಒಂದು ಪೈಥಾನ್ ಮಾಡ್ಯೂಲ್, ಅಂದರೆ ಪೈಥಾನ್ ಭಾಷೆಯ ಪ್ರೋಗ್ರಾಮ್ ಕರೆದು ಬಳಸುವ ತುಣುಕು, ಬರೆದುಕೊಟ್ಟಿದ್ದರು. ಅದರ ಹೆಸರು ‘ನುಡಿಬದಲು’. ಪೈಥಾನ್ 2.7, 32 ಬಿಟ್‌ನ ಯಂತ್ರ. ಕಳೆದ ತಿಂಗಳು ಆ ಯಂತ್ರ ಕಣ್ಣುಮುಚ್ಚಿತು. ಎಸ್.ಪಿ. ರಸ್ತೆಯಿಂದ ಹೊಸ ಪೆಟ್ಟಿಗೆ ತಂದು ಉಬುಂಟು 24.04 ಹಾಕಿದ್ದೇನೆ. ಹಳೆಯ ಲೇಖಕರೊಬ್ಬರ ಸಮಗ್ರ ಸಂಪುಟ ಮರುಮುದ್ರಣಕ್ಕೆ ಬಂದು ಕುಳಿತಿದೆ, ಎಲ್ಲವೂ ಹಳೆಯ ಸಂಕೇತದಲ್ಲಿ.

ಮಾಡ್ಯೂಲನ್ನು ಇದರಲ್ಲಿ ಮತ್ತೆ ಕಂಪೈಲ್ ಮಾಡಲು, ಅಂದರೆ ಯಂತ್ರದ ಭಾಷೆಗೆ ತಿರುಗಿಸಲು ಹೋದೆ. ಮೊದಲು ‘ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ ಇಲ್ಲ’ ಎಂದಿತು. ಪೈಥಾನ್ ಪ್ಯಾಕೇಜು ತರುವ ಪಿಪ್‌ನಿಂದ, ಕಂಪೈಲ್ ಕೆಲಸ ನಡೆಸುವ ಸೆಟಪ್‌ಟೂಲ್ಸ್ ಹಾಕಲು ಹೋದರೆ ‘ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಾರೆ’ ಎಂದು ಗದರಿಸಿತು. ಎಲ್ಲೋ ಓದಿ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಸೇರಿಸಿ ಹಾಕಿಬಿಟ್ಟೆ. ಈಗ ಕೊನೆಯ ಸಾಲಿನಲ್ಲಿ ಜಿಸಿಸಿ (ಸಿ ಕಂಪೈಲರ್) ಆಜ್ಞೆ ವಿಫಲವಾಯಿತು, ನಿರ್ಗಮನ ಸಂಖ್ಯೆ 1 ಎಂದು ಬರುತ್ತಿದೆ. ಜಿಸಿಸಿಯನ್ನೇ ತೆಗೆದು ಮತ್ತೆ ಹಾಕಿ ನೋಡಿದೆ. ಪ್ರಯೋಜನವಾಗಲಿಲ್ಲ.

ಹಳೆಯ_ಶೆಲ್ · 10.32

ಜಿಸಿಸಿಯದೇನೂ ತಪ್ಪಿಲ್ಲ. ಆ ಕೊನೆಯ ಸಾಲನ್ನು ಬರೆದಿರುವುದು ಸೆಟಪ್‌ಟೂಲ್ಸ್. ಮನೆಯೊಳಗೆ ಏನು ನಡೆಯಿತೆಂದು ಗೊತ್ತಿಲ್ಲದ ಪಕ್ಕದ ಮನೆಯವರ ಹೇಳಿಕೆ ಅದು. ಮೇಲಕ್ಕೆ ಹೋಗಿ ‘ಎರರ್’ ಎಂಬ ಪದ ಮೊದಲ ಸಲ ಬರುವ ಸಾಲನ್ನು ಇಲ್ಲಿ ಹಾಕಿ. ಮೊದಲನೆಯದು ಮಾತ್ರ. ಅದರ ಕೆಳಗಿನ ಇಪ್ಪತ್ತು ದೋಷಗಳು ಹೆಚ್ಚಾಗಿ ಅದರ ಮಕ್ಕಳೇ ಆಗಿರುತ್ತವೆ.

ಇನ್ನು ‘ಬ್ರೇಕ್’ ಎಂಬ ಹೆಸರಿನ ಆಯ್ಕೆಯನ್ನು ನೋಡಿಯೂ ಒತ್ತಿದ ನಿಮ್ಮ ಧೈರ್ಯಕ್ಕೆ ಮೆಚ್ಚಬೇಕು. ಉಬುಂಟುವಿನ ಎಷ್ಟೋ ಉಪಕರಣಗಳು ಅದೇ ಪೈಥಾನ್ ಮೇಲೆ ನಿಂತಿವೆ. ವೆನ್ವ್ ಎಂಬ ಪ್ರತ್ಯೇಕ ಪೈಥಾನ್ ಕೋಶ ಮಾಡಿಕೊಂಡು ಅದರೊಳಗೆ ಆಡಿ.

ಮೊಳೆಜೋಡಕ · 10.50

ವೆನ್ವ್ ಮಾಡಿದೆ, ಅಲ್ಲಿಯೂ ಅದೇ. ಮೊದಲ ದೋಷ ಹೀಗಿದೆ: ‘ಪೈಥಾನ್.ಎಚ್: ಅಂಥ ಕಡತ ಅಥವಾ ಕೋಶ ಇಲ್ಲ’. ಪೈಥಾನ್ ಇದೆ, ಓಡುತ್ತಿದೆ. ಮತ್ತೆ ಇಲ್ಲ ಎಂದರೇನು?

ಬನಶಂಕರಿ_ಬೈಟ್ · 11.04

ಓಡುವ ಪೈಥಾನ್ ಬೇರೆ, ಅದರ ಮೇಲೆ ಸಿ ಮಾಡ್ಯೂಲ್ ಕಂಪೈಲ್ ಮಾಡಲು ಬೇಕಾದ ಹೆಡರ್ ಕಡತಗಳು (ಪೈಥಾನ್‌ನ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ಪರಿಚಯಿಸುವ .ಎಚ್ ಕಡತಗಳು) ಬೇರೆ. ಡೆಬಿಯನ್, ಉಬುಂಟುಗಳಲ್ಲಿ ಅವು ‘ಪೈಥಾನ್3-ಡೆವ್’ ಪ್ಯಾಕೇಜಿನಲ್ಲಿವೆ, ಫೆಡೋರಾದಲ್ಲಿ ‘ಪೈಥಾನ್3-ಡೆವೆಲ್’. ವೆನ್ವ್ ಒಳಗೆ ಹೆಡರ್‌ಗಳ ಪ್ರತಿ ಇರುವುದಿಲ್ಲ, ಅದು ಮೂಲ ಪೈಥಾನ್‌ನದನ್ನೇ ನೋಡುತ್ತದೆ. ಆದ್ದರಿಂದ ಡೆವ್ ಪ್ಯಾಕೇಜನ್ನು ಉಬುಂಟುವಿನ ಪ್ಯಾಕೇಜು ಉಪಕರಣ ಎಪಿಟಿಯಿಂದಲೇ ಹಾಕಬೇಕು. ಒಂದು ಎಚ್ಚರಿಕೆ: ಬೇರೆ ಆವೃತ್ತಿಯ ಪೈಥಾನ್ ತಂದುಕೊಂಡಿದ್ದರೆ ಡೆವ್ ಕೂಡ ಅದೇ ಆವೃತ್ತಿಯದಾಗಿರಬೇಕು. 3.11ರ ವೆನ್ವ್ ಇಟ್ಟುಕೊಂಡು 3.12ರ ಡೆವ್ ಹಾಕಿದರೆ ಇದೇ ದೋಷ ಮತ್ತೆ ಬರುತ್ತದೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ. ಎಲ್ಲಿ ಹುಡುಕುತ್ತಿದೆ ಎಂದು ತಿಳಿಯಲು ಸಿಸ್‌ಕಾನ್ಫಿಗ್ ಮಾಡ್ಯೂಲಿನ ಗೆಟ್_ಪಾತ್‌ಗೆ ‘ಇನ್‌ಕ್ಲೂಡ್’ ಎಂದು ಕೊಟ್ಟು ಕೇಳಿ.

ಡಿಸ್ಟ್‌ಯುಟಿಲ್ಸ್ ಕಾಣೆಯಾದದ್ದು ನಿಮ್ಮ ತಪ್ಪಲ್ಲ. 3.10ರಲ್ಲಿ ಅದನ್ನು ಕೈಬಿಡುವುದಾಗಿ ಹೇಳಿದರು, 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ತೆಗೆದೇಬಿಟ್ಟರು. ಸೆಟಪ್‌ಟೂಲ್ಸ್ ತನ್ನದೇ ಪ್ರತಿಯನ್ನು ಇಟ್ಟುಕೊಂಡಿರುವುದರಿಂದ ಅದನ್ನು ಹಾಕಿದ ಮೇಲೆ ಹಳೆಯ ಸಾಲು ಕೂಡ ನಡೆಯುತ್ತದೆ. 3.12ರಿಂದ ಹೊಸ ವೆನ್ವ್‌ನಲ್ಲಿ ಸೆಟಪ್‌ಟೂಲ್ಸ್ ತಾನಾಗಿ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು.

ಗಿರಿನಗರದ_ಗೂಬೆ · 11.20

ಇದನ್ನೆಲ್ಲ ರಸ್ಟ್ ಭಾಷೆಯಲ್ಲಿ ಬರೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಹಳೆಯ_ಶೆಲ್ · 11.21

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೇಳುತ್ತಿದ್ದೀರಿ. ಅವರ ಸಂಪುಟ ಮುಗಿಯಲಿ.

ಮೊಳೆಜೋಡಕ · ಮಧ್ಯಾಹ್ನ 12.40

ಡೆವ್ ಹಾಕಿದೆ. ಕಂಪೈಲ್ ಆಯಿತು! ಎಚ್ಚರಿಕೆಗಳು ಎರಡು ಪರದೆ ತುಂಬ ಬಂದವು, ಆದರೆ ದೋಷ ಒಂದೂ ಇಲ್ಲ. ಸಂತೋಷದಿಂದ ಇಂಪೋರ್ಟ್ ಮಾಡಿದರೆ, ಅಂದರೆ ಪೈಥಾನ್ ಒಳಕ್ಕೆ ತಂದುಕೊಂಡರೆ: ‘ವ್ಯಾಖ್ಯೆ ಇಲ್ಲದ ಸಂಕೇತ: ಪೈಸ್ಟ್ರಿಂಗ್_ಫ್ರಮ್‌ಸ್ಟ್ರಿಂಗ್‌ಆಂಡ್‌ಸೈಜ್’. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಗಿರಿನಗರದ_ಗೂಬೆ · 12.58

ಕುತೂಹಲಕ್ಕೆಂದು ನೀವು ಹಂಚಿಕೊಂಡ ಸಿ ಕಡತವನ್ನು ನನ್ನ ಫೆಡೋರಾದಲ್ಲಿ ಹಾಕಿದೆ. ಇಲ್ಲಿ ಕಂಪೈಲೇ ಆಗುವುದಿಲ್ಲ, ಅದೇ ಹೆಸರಿನ ಮೇಲೆ ದೋಷ ಕೊಟ್ಟು ನಿಲ್ಲುತ್ತದೆ. ನಿಮ್ಮಲ್ಲಿ ಹೇಗೆ ಆಯಿತು?

ಹಳೆಯ_ಶೆಲ್ · 1.10

ಗೂಬೆಯವರೇ, ನಿಮ್ಮದು ಜಿಸಿಸಿ 14, ಅವರದು 13. ಘೋಷಣೆಯಿಲ್ಲದ ಫಂಕ್ಷನ್ ಕರೆದರೆ 13 ಬರೀ ಎಚ್ಚರಿಸಿ ಮುಂದೆ ಬಿಡುತ್ತದೆ. 2024ರಲ್ಲಿ ಬಂದ 14 ಅದನ್ನು ದೋಷವೆಂದೇ ಎಣಿಸುತ್ತದೆ. ಒಳ್ಳೆಯದೇ ಆಯಿತು. ಇಂಥ ಫಂಕ್ಷನ್ ‘ಇಂಟ್’ ಹಿಂತಿರುಗಿಸುತ್ತದೆ ಎಂದು ಸಿ ತಾನೇ ಊಹಿಸಿಕೊಳ್ಳುತ್ತಿತ್ತು. 64 ಬಿಟ್ ಯಂತ್ರದಲ್ಲಿ ವಿಳಾಸ 8 ಬೈಟ್, ಇಂಟ್ 4 ಬೈಟ್. ಅರ್ಧ ವಿಳಾಸ ಬರೆದ ಲಕೋಟೆಯನ್ನು ಅಂಚೆಗೆ ಹಾಕಿದಂತೆ.

ಮೊಳೆಜೋಡಕರೇ, ಆ ಎರಡು ಪರದೆ ಎಚ್ಚರಿಕೆಗಳೇ ನಿಮ್ಮ ದೋಷಪಟ್ಟಿ. ಪೈಥಾನ್ 3ರಲ್ಲಿ ಪೈಸ್ಟ್ರಿಂಗ್ ಎಂಬುದೇ ಇಲ್ಲ. ಹಂಚಿಕೊಳ್ಳುವ ಲೈಬ್ರರಿ ಕಂಪೈಲ್ ಮಾಡುವಾಗ ಲಿಂಕರ್ ‘ಈ ಹೆಸರು ಓಡುವಾಗ ಎಲ್ಲಾದರೂ ಸಿಗಬಹುದು’ ಎಂದು ಸುಮ್ಮನಿರುತ್ತದೆ. ಇಂಪೋರ್ಟ್ ಮಾಡಿದಾಗ ಲೋಡರ್ ಹುಡುಕುತ್ತದೆ, ಸಿಗುವುದಿಲ್ಲ. ‘ಎನ್‌ಎಮ್ -ಡಿ’ ಕೊಟ್ಟು, ಕಂಪೈಲ್ ಆಗಿ ಬಂದ ಆ .ಎಸ್‌ಒ ಕಡತವನ್ನು ನೋಡಿದರೆ ‘ಯು’ ಅಕ್ಷರದ ಮುಂದೆ ಹೊರಗಿನಿಂದ ಬರಬೇಕಾದ ಎಲ್ಲ ಹೆಸರುಗಳೂ ಕಾಣುತ್ತವೆ.

ಗಿರಿನಗರದ_ಗೂಬೆ · 1.22

ಹಾಗಾದರೆ ಪೈಸ್ಟ್ರಿಂಗ್ ಇದ್ದ ಕಡೆಯೆಲ್ಲ ಪೈಬೈಟ್ಸ್ ಎಂದು ಬದಲಿಸಿದರೆ ಮುಗಿಯಿತು.

ಅರ್ಕಾವತ್ತು · 1.45

ಮುಗಿಯುವುದಿಲ್ಲ. ಮಾಡ್ಯೂಲ್ ಹೊರಕ್ಕೆ ಕೊಡುತ್ತಿರುವುದು ಯುಟಿಎಫ್-8ರಲ್ಲಿ (ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಕ್ರಮ) ಇರುವ ಕನ್ನಡ ಪಠ್ಯ. ಅದು ಪೈಥಾನ್‌ಗೆ ಪಠ್ಯವಾಗಿಯೇ ಸಿಗಬೇಕು, ಬೈಟ್ ಮೂಟೆಯಾಗಿ ಅಲ್ಲ. ಆ ಜಾಗದಲ್ಲಿ ‘ಪೈಯೂನಿಕೋಡ್_ಫ್ರಮ್‌ಸ್ಟ್ರಿಂಗ್‌ಆಂಡ್‌ಸೈಜ್’ ಹಾಕಿ, ಅದು ಯುಟಿಎಫ್-8 ಎಂದೇ ಓದಿಕೊಳ್ಳುತ್ತದೆ. ಒಳಕ್ಕೆ ಬರುವ ಪಠ್ಯದ ಕಥೆ ಬೇರೆ ಇದೆ, ಅದು ಆಮೇಲೆ ನಿಮ್ಮನ್ನು ಕಾಡಲಿದೆ. ಮೊದಲು ಇಂಪೋರ್ಟ್ ಆಗಲಿ.

ಮೊಳೆಜೋಡಕ · ಸಂಜೆ 4.05

ಮಧ್ಯೆ ಮಳೆ, ಕರೆಂಟ್ ಹೋಗಿ ಒಂದು ಗಂಟೆ ಸುಮ್ಮನೆ ಕುಳಿತಿದ್ದೆ. ಅರ್ಕಾವತ್ತು ಅವರು ಹೇಳಿದಂತೆ ಬದಲಿಸಿದೆ. ಮತ್ತೆ ಕಂಪೈಲ್ ಆಯಿತು. ಮತ್ತೆ ಅದೇ ಪೈಸ್ಟ್ರಿಂಗ್ ದೋಷ! ಕಡತದಲ್ಲಿ ಆ ಪದ ಒಂದು ಕಡೆಯೂ ಇಲ್ಲ, ಹುಡುಕಿ ನೋಡಿದ್ದೇನೆ.

ಬನಶಂಕರಿ_ಬೈಟ್ · 4.12

ನೀವು ಹೊಸದನ್ನು ಕಂಪೈಲ್ ಮಾಡಿ ಹಳೆಯದನ್ನು ಇಂಪೋರ್ಟ್ ಮಾಡುತ್ತಿದ್ದೀರಿ. ಬೆಳಿಗ್ಗೆಯ .ಎಸ್‌ಒ ಕಡತ ನೀವು ನಿಂತಿರುವ ಕೋಶದಲ್ಲೇ ಬಿದ್ದಿರಬೇಕು. ಪೈಥಾನ್ ಮೊದಲು ಅಲ್ಲಿ ಹುಡುಕುತ್ತದೆ. ‘ಬಿಲ್ಡ್’ ಕೋಶವನ್ನೂ ಎಲ್ಲ .ಎಸ್‌ಒ ಕಡತಗಳನ್ನೂ ಅಳಿಸಿ, ಆಮೇಲೆ ಕಂಪೈಲ್ ಮಾಡಿ. ದೋಷದ ಸಂದೇಶದಲ್ಲಿ ಕಡತದ ಪೂರ್ಣ ವಿಳಾಸ ಇರುತ್ತದೆ. ನಾವು ಅದನ್ನು ಬಿಟ್ಟು ಮುಂದಿನದನ್ನು ಓದುತ್ತೇವೆ.

ಮೊಳೆಜೋಡಕ · 4.30

ಹೌದು, ಅದೇ. ಹಳೆಯ ಕರಡನ್ನು ತಿದ್ದಿದವನು ನಾನೇ, ಹಳೆಯ ಪ್ಲೇಟನ್ನೇ ಅಚ್ಚಿಗೆ ಹಾಕಿದವನೂ ನಾನೇ. ಮುದ್ರಣಾಲಯದಲ್ಲಿ ಈ ತಪ್ಪು ಮಾಡಿದ ಹುಡುಗರನ್ನು ಎಷ್ಟು ಬೈದಿದ್ದೇನೋ!

ಈಗಿನ ಸಂದೇಶ: ‘ಮಾಡ್ಯೂಲಿನಲ್ಲಿ ಪೈಇನಿಟ್_ನುಡಿಬದಲು ಎಂಬ ರಫ್ತು ಫಂಕ್ಷನ್ ಇಲ್ಲ’.

ಹಳೆಯ_ಶೆಲ್ · 4.41

ಪೈಥಾನ್ 2ರಲ್ಲಿ ‘ಇನಿಟ್’ ಎಂಬುದಕ್ಕೆ ಮಾಡ್ಯೂಲಿನ ಹೆಸರು ಅಂಟಿಸಿದ ಫಂಕ್ಷನ್ ಇರುತ್ತಿತ್ತು, ಅದು ಏನನ್ನೂ ಹಿಂತಿರುಗಿಸುತ್ತಿರಲಿಲ್ಲ. 3ರಲ್ಲಿ ಅದರ ಹೆಸರು ‘ಪೈಇನಿಟ್_’ ಎಂದು ಆರಂಭವಾಗಿ ಮಾಡ್ಯೂಲಿನ ಹೆಸರಿನಲ್ಲಿ ಮುಗಿಯಬೇಕು. ಪೈಮಾಡ್ಯೂಲ್‌ಡೆಫ್ ಎಂಬ ರಚನೆಯನ್ನು ತುಂಬಿ, ಪೈಮಾಡ್ಯೂಲ್_ಕ್ರಿಯೇಟ್ ಕರೆದು, ಬಂದದ್ದನ್ನು ಹಿಂತಿರುಗಿಸಬೇಕು. ಸೆಟಪ್ ಕಡತದಲ್ಲಿ ಎಕ್ಸ್‌ಟೆನ್ಶನ್‌ಗೆ ಕೊಟ್ಟ ಹೆಸರು, ಈ ಫಂಕ್ಷನ್‌ನ ಬಾಲ, ನೀವು ಇಂಪೋರ್ಟ್ ಮಾಡುವ ಹೆಸರು, ಮೂರೂ ಅಕ್ಷರಶಃ ಒಂದೇ ಇರಲಿ.

ವಿಜಯನಗರದ_ವಿದ್ಯಾರ್ಥಿ · 5.20

ಮಧ್ಯೆ ಬರುತ್ತಿರುವುದಕ್ಕೆ ಕ್ಷಮಿಸಿ. ನನ್ನ ಪ್ರಾಜೆಕ್ಟ್‌ನಲ್ಲಿಯೂ ಇದೇ ಪೈಇನಿಟ್ ದೋಷ. ಹೆಸರು ಮೂರು ಕಡೆಯೂ ಸರಿ ಇದೆ. ನನ್ನದು ಸಿ++ ಕಡತ. ಪೈಮೋಡ್‌ಇನಿಟ್_ಫಂಕ್ ಎಂಬ ಮ್ಯಾಕ್ರೋ ಯಾಕೆಂದು ತಿಳಿಯದೆ ತೆಗೆದು, ನೇರವಾಗಿ ಪೈಆಬ್ಜೆಕ್ಟ್ ಎಂದು ಬರೆದಿದ್ದೇನೆ.

ಹಳೆಯ_ಶೆಲ್ · 5.26

ಪ್ರಶ್ನೆಯಲ್ಲೇ ಉತ್ತರ ಇದೆ. ಸಿ++ ಕಂಪೈಲರ್ ಫಂಕ್ಷನ್ ಹೆಸರುಗಳನ್ನು ಒಳಗೊಳಗೆ ತಿರುಚುತ್ತದೆ. ನೀವು ತೆಗೆದ ಮ್ಯಾಕ್ರೋ ‘ಎಕ್ಸ್‌ಟರ್ನ್ ಸಿ’ ಸೇರಿಸಿ ಅದನ್ನು ತಡೆಯುತ್ತಿತ್ತು. ಮೊದಲಿದ್ದಲ್ಲಿಗೇ ಇಡಿ.

ಮೊಳೆಜೋಡಕ · ರಾತ್ರಿ 8.15

ಇಂಪೋರ್ಟ್ ಆಯಿತು. ಮನೆಯವರಿಗೆಲ್ಲ ಹೇಳಿದೆ, ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಂದು ಕಡತ ಕೊಟ್ಟು ಓಡಿಸಿದೆ.

ಮೊದಲು ಕಡತ ತೆರೆಯುವಾಗಲೇ ಯುಟಿಎಫ್-8 ಅಲ್ಲ ಎಂಬ ದೋಷ ಬಂತು. ಹುಡುಕಿದಾಗ ‘ಲ್ಯಾಟಿನ್-1 (ಯುರೋಪಿನ ಹಳೆಯ ಅಕ್ಷರಸಂಕೇತ) ಎಂದು ಹಾಕಿ’ ಎಂಬ ಸಲಹೆ ಸಿಕ್ಕಿತು, ಹಾಕಿದೆ. ಆಮೇಲೆ ‘ಹ್ಯಾಷ್ ಚಿಹ್ನೆಗೆ ಪೈ_ಎಸ್‌ಸೈಜ್_ಟಿ_ಕ್ಲೀನ್ ಬೇಕು’ ಎಂಬ ದೋಷ. ಸಿ ಕಡತದ ತಲೆಯಲ್ಲಿ, ಪೈಥಾನ್.ಎಚ್‌ಗಿಂತ ಮೊದಲು, ಅದನ್ನು ಡಿಫೈನ್ ಮಾಡಿದೆ. ದೋಷಗಳು ನಿಂತವು. ಆದರೆ ಬಂದ ಪಠ್ಯ ಕನ್ನಡವೂ ಅಲ್ಲ, ಹಳೆಯ ಸಂಕೇತವೂ ಅಲ್ಲ. ಅಲ್ಲೊಂದು ಇಲ್ಲೊಂದು ಒತ್ತಕ್ಷರ, ನಡುವೆ ಯಾವುದೋ ದೇಶದ ಅಕ್ಷರಗಳು. ದೋಷ ತೋರಿಸುತ್ತಿದ್ದಾಗಲೇ ಸುಖವಾಗಿತ್ತು ಎನ್ನಿಸುತ್ತಿದೆ.

ಅರ್ಕಾವತ್ತು · 8.50

ಆಮೇಲೆ ಕಾಡಲಿದೆ ಎಂದಿದ್ದೆನಲ್ಲ, ಇದೇ ಅದು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಇದು ಪೈಥಾನ್ ತೊಂದರೆಗಿಂತ ಹೆಚ್ಚಾಗಿ ಕನ್ನಡದ ಕಂಪ್ಯೂಟರ್ ಚರಿತ್ರೆಯ ತೊಂದರೆ.

ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಡತದೊಳಗೆ 0ರಿಂದ 255ರವರೆಗಿನ ಬೈಟುಗಳು. ‘ಕನ್ನಡ’ ಎಂಬ ಪದವನ್ನೇ ನೋಡಿ. ನುಡಿ ಸಂಕೇತದಲ್ಲಿ ಅದು ಏಳು ಬೈಟ್: ಕ-ದ ದೇಹ, ತಲೆಕಟ್ಟು, ನ-ದ ದೇಹ, ತಲೆಕಟ್ಟು, ನ-ದ ಒತ್ತು, ಡ-ದ ದೇಹ, ತಲೆಕಟ್ಟು. ತಲೆಕಟ್ಟಿನ ಬೈಟ್ 192. ಲ್ಯಾಟಿನ್ ಕೋಷ್ಟಕದಲ್ಲಿ ಅದು ಮೇಲೆ ಓರೆಗೀಟಿರುವ ‘ಎ’ ಅಕ್ಷರ.

ನಿಮ್ಮ ಸಿ ಕಡತದಲ್ಲಿ ಆರ್ಗ್ಯುಮೆಂಟ್ ಓದುವ ಚಿಹ್ನೆ ‘ಎಸ್ ಹ್ಯಾಷ್’ ಇದೆ. ಪೈಥಾನ್ 2ರಲ್ಲಿ ಅದು ಕಡತದ ಬೈಟುಗಳನ್ನು ಇದ್ದಂತೆಯೇ ಕೊಡುತ್ತಿತ್ತು. ಪೈಥಾನ್ 3ರಲ್ಲಿ ಅದಕ್ಕೆ ಪಠ್ಯ ಕೊಟ್ಟರೆ ಮೊದಲು ಯುಟಿಎಫ್-8 ಮಾಡಿ ಕೊಡುತ್ತದೆ. 192 ಇದ್ದದ್ದು 195, 128 ಎಂಬ ಎರಡು ಬೈಟುಗಳಾಗುತ್ತದೆ. ಏಳು ಬೈಟಿನ ‘ಕನ್ನಡ’ ಹನ್ನೆರಡಾಗಿ ಒಳಕ್ಕೆ ಹೋಗುತ್ತದೆ. ಕೋಷ್ಟಕದಲ್ಲಿ 195ಕ್ಕೆ ಬೇರೆ ಯಾವುದೋ ತುಂಡು ಇದೆ, ಅದು ಬಂದು ಕೂರುತ್ತದೆ. ಮಾಡ್ಯೂಲ್ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿದೆ, ಅದಕ್ಕೆ ಕೊಟ್ಟ ಊಟವೇ ಬೇರೆ.

ಪರಿಹಾರ: ಕಡತವನ್ನು ಬೈಟುಗಳಾಗಿ ತೆರೆಯಿರಿ, ಅಂದರೆ ‘ಆರ್‌ಬಿ’ ವಿಧಾನದಲ್ಲಿ. ಲ್ಯಾಟಿನ್-1 ಬೇಡ. ಸಿ ಕಡೆ ‘ಎಸ್ ಹ್ಯಾಷ್’ ತೆಗೆದು ‘ವೈ ಹ್ಯಾಷ್’ ಹಾಕಿ. ಅದು ಬೈಟುಗಳನ್ನು ಮಾತ್ರ ಒಪ್ಪುತ್ತದೆ, ಪಠ್ಯ ಕೊಟ್ಟರೆ ಬಾಗಿಲಲ್ಲೇ ತಡೆಯುತ್ತದೆ.

ಇನ್ನೊಂದು. ನಿಮ್ಮ ಕಡತಗಳಲ್ಲಿ ಕೆಲವನ್ನು ಯಾರಾದರೂ ಹೊಸ ವಿಂಡೋಸ್ ಯಂತ್ರದ ನೋಟ್‌ಪ್ಯಾಡ್‌ನಲ್ಲಿ ಮತ್ತೆ ಉಳಿಸಿದ್ದರೆ ಅವು ಈಗಾಗಲೇ ಯುಟಿಎಫ್-8 ಆಗಿರಬಹುದು. 2019ರಿಂದ ಅಲ್ಲಿ ಅದೇ ರೂಢಿಯ ಆಯ್ಕೆ. ಅಂಥವನ್ನು ಮೊದಲು ಪಠ್ಯವಾಗಿ ಓದಿ ವಿಂಡೋಸ್-1252ಕ್ಕೆ ಎನ್‌ಕೋಡ್ ಮಾಡಿ ಮಾಡ್ಯೂಲಿಗೆ ಕೊಡಿ. ಲ್ಯಾಟಿನ್-1 ಅಲ್ಲ, 128ರಿಂದ 159ರವರೆಗೆ ಅವೆರಡೂ ಬೇರೆ.

ಹಳೆಯ_ಶೆಲ್ · 9.05

ಸೇರಿಸುತ್ತೇನೆ. ಆ ಕ್ಲೀನ್ ಮ್ಯಾಕ್ರೋ ಹಾಕಿದಿರಿ, ಸರಿ. ಉದ್ದವನ್ನು ಹಿಡಿಯುವ ವೇರಿಯಬಲ್ ಇನ್ನೂ ‘ಇಂಟ್’ ಇದೆಯೇ ನೋಡಿ. ಈಗ ಪೈಥಾನ್ ಅಲ್ಲಿ 8 ಬೈಟ್ ಬರೆಯುತ್ತದೆ, ನೀವು 4 ಬೈಟ್ ಜಾಗ ಕೊಟ್ಟಿದ್ದೀರಿ. ಪಕ್ಕದ ವೇರಿಯಬಲ್ ಮೇಲೆ ಹರಿಯುತ್ತದೆ. ಕಂಪೈಲರ್ ಒಂದು ಮಾತನ್ನೂ ಆಡುವುದಿಲ್ಲ. ಅದನ್ನು ಪೈ_ಎಸ್‌ಸೈಜ್_ಟಿ ಮಾಡಿ.

ಮೊಳೆಜೋಡಕ · ಭಾನುವಾರ ಬೆಳಿಗ್ಗೆ 9.30

ಇಂಟ್ ಇತ್ತು, ಬದಲಿಸಿದೆ. ಆರ್‌ಬಿ, ವೈ ಹ್ಯಾಷ್ ಎರಡನ್ನೂ ಮಾಡಿದೆ. ಮೊದಲ ಪುಟ ಕನ್ನಡದಲ್ಲಿ ಬಂದಾಗ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಬರುವಷ್ಟರಲ್ಲಿ ನಲವತ್ತನೆಯ ಪುಟದ ಹತ್ತಿರ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬಿದ್ದಿತ್ತು. ಅದೇ ಕಡತವನ್ನು ಮತ್ತೆ ಓಡಿಸಿದರೆ ಬೇರೆ ಪುಟದಲ್ಲಿ ಬೀಳುತ್ತದೆ. ಈಗ ನೆನಪಾಗುತ್ತಿದೆ, ಹಳೆಯ ಯಂತ್ರದಲ್ಲಿಯೂ ಇದು ಆಗಾಗ ನಿಂತುಬಿಡುತ್ತಿತ್ತು. ನಾವು ಯುಪಿಎಸ್ ಮೇಲೆ ಹಾಕುತ್ತಿದ್ದೆವು. ಪಾಪ, ಎರಡು ಯುಪಿಎಸ್ ಬದಲಿಸಿದ್ದೇವೆ.

ಬನಶಂಕರಿ_ಬೈಟ್ · 9.55

ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ ಎಂದರೆ ನೆನಪಿನ ಜಾಗವನ್ನು ಎಲ್ಲೋ ಮೀರಿ ಬರೆಯುತ್ತಿದೆ. ಬಿದ್ದ ಜಾಗದಲ್ಲಿ ತಪ್ಪು ಹುಡುಕಬೇಡಿ. ಹೀಗೆ ಮೀರಿ ಬರೆದ ಕಡೆಯನ್ನು ಹಿಡಿದು ತೋರಿಸುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿ: ಸಿಫ್ಲ್ಯಾಗ್ಸ್‌ನಲ್ಲಿ ‘-ಎಫ್‌ಸ್ಯಾನಿಟೈಸ್=ಅಡ್ರೆಸ್ -ಜಿ’. ಪೈಥಾನ್ ತಾನೇ ಅದರೊಂದಿಗೆ ಕಂಪೈಲ್ ಆಗಿಲ್ಲವಾದ್ದರಿಂದ ಓಡಿಸುವಾಗ ಎಲ್‌ಡಿ_ಪ್ರಿಲೋಡ್‌ನಲ್ಲಿ ಅದರ ಲೈಬ್ರರಿ ಲಿಬ್‌ಎಸಾನ್‌ನ ವಿಳಾಸ ಕೊಡಬೇಕು, ಇಲ್ಲದಿದ್ದರೆ ಇಂಪೋರ್ಟ್ ಹಂತದಲ್ಲೇ ತಗಾದೆ ತೆಗೆಯುತ್ತದೆ. ನೆನಪಿನ ಸೋರಿಕೆ ಪತ್ತೆಯನ್ನು ನಿಲ್ಲಿಸಿಡಿ. ಪೈಥಾನ್ ಮುಗಿಯುವಾಗ ಎಲ್ಲವನ್ನೂ ಹಿಂತಿರುಗಿಸುವುದಿಲ್ಲ, ಆ ಗದ್ದಲದಲ್ಲಿ ನಿಮ್ಮ ದೋಷ ಮುಳುಗಿಹೋಗುತ್ತದೆ. ಇಡೀ ಸಂಪುಟ ಬೇಡ, ಒಂದೇ ಪದ ಕೊಟ್ಟು ನೋಡಿ.

ಮೊಳೆಜೋಡಕ · 11.40

‘ಕನ್ನಡ’ ಎಂಬ ಒಂದೇ ಪದ ಕೊಟ್ಟೆ. ‘ಹೀಪ್ ಬಫರ್ ಓವರ್‌ಫ್ಲೋ, 14 ಬೈಟ್‌ಗಳ ಜಾಗದ ಆಚೆ ಬರೆಯಲಾಗಿದೆ’ ಎಂದು ಸಾಲಿನ ಸಂಖ್ಯೆ ಸಮೇತ ತೋರಿಸಿತು. ಆ ಸಾಲಿಗೂ ಮುಂಚೆ ಹೀಗಿದೆ: ಬಂದ ಪಠ್ಯದ ಉದ್ದದ ಎರಡರಷ್ಟು ಮ್ಯಾಲಾಕ್ (ನೆನಪಿನಲ್ಲಿ ಜಾಗ ಕೇಳುವ ಕರೆ).

ಅರ್ಕಾವತ್ತು · 11.58

ಏಳರ ಎರಡರಷ್ಟು ಹದಿನಾಲ್ಕು. ‘ಕನ್ನಡ’ ಯೂನಿಕೋಡ್‌ನಲ್ಲಿ ಐದು ಸಂಕೇತ: ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ನ, ಡ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಹದಿನೈದು! ಭಾಷೆಯ ಹೆಸರೇ ಹಿಡಿಸಲಿಲ್ಲ.

ಇಷ್ಟು ವರ್ಷ ನಡೆದದ್ದು ಹೇಗೆಂದರೆ, ಮ್ಯಾಲಾಕ್ ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಕೊಡುತ್ತದೆ. ಆ ಉದಾರತೆಯಲ್ಲಿ ಬದುಕಿತ್ತು. ಆದರೆ ‘ಕಿ’, ‘ಗಿ’ಗಳಂಥವು ನುಡಿಯಲ್ಲಿ ಒಂದೇ ಬೈಟ್, ಯೂನಿಕೋಡ್‌ನಲ್ಲಿ ಎರಡು ಸಂಕೇತ, ಆರು ಬೈಟ್. ಅಂಥವು ಹೆಚ್ಚಿರುವ ಸಾಲು ಬಂದಾಗ ಬೀಳುತ್ತದೆ. ನಿಮ್ಮ ಕೋಷ್ಟಕದಲ್ಲಿ ಒಂದು ಬೈಟಿಗೆ ಅತಿ ಹೆಚ್ಚು ಎಷ್ಟು ಸಂಕೇತ ಇವೆಯೋ ಎಣಿಸಿ, ಮೂರರಿಂದ ಗುಣಿಸಿ, ಬಂದ ಪಠ್ಯದ ಉದ್ದದ ಅಷ್ಟು ಪಟ್ಟು ಜಾಗ ಕೇಳಿ, ಕೊನೆಯ ಸೊನ್ನೆಗೆ ಒಂದು ಸೇರಿಸಿ. ಸಿ ಬೇಕೇ ಎಂದು ನನಗೆ ಇನ್ನೂ ಅನುಮಾನವೇ. ಆಸ್ತಿ ಇರುವುದು ಆ ಕೋಷ್ಟಕದಲ್ಲಿ, ಹತ್ತು ವರ್ಷ ಕರಡು ತಿದ್ದಿ ಪಕ್ವವಾದದ್ದು ಅದು. ಅಕ್ಷರದ ನಂತರ ಬರುವ ಅರ್ಕಾವತ್ತನ್ನು ಹಿಂದಕ್ಕೆ ತಂದು ಕೂರಿಸುವ ಭಾಗವನ್ನೂ ಸೇರಿಸಿ ಪೈಥಾನ್‌ನಲ್ಲೇ ಬರೆದರೆ ಒಂದೆರಡು ಪುಟ ಆದೀತು.

ಮೊಳೆಜೋಡಕ · 12.20

ಒಪ್ಪುತ್ತೇನೆ. ಆದರೆ ಸಂಪುಟ ಮುಗಿಯುವವರೆಗೆ ಈ ಕುದುರೆಯೇ ಓಡಲಿ. ಜಾಗವನ್ನು ಹನ್ನೆರಡು ಪಟ್ಟು ಮಾಡಿದೆ, ನಮ್ಮ ಕೋಷ್ಟಕದಲ್ಲಿ ಅತಿ ಹೆಚ್ಚು ಎಂದರೆ ನಾಲ್ಕು ಸಂಕೇತ. ಪೂರ್ಣ ಕಡತ ಬೀಳದೆ ಓಡಿತು.

ವಿಜಯನಗರದ_ವಿದ್ಯಾರ್ಥಿ · 2.10

ನಿಮ್ಮ ತಿದ್ದಿದ ಕಡತವನ್ನು ನನ್ನ ಉಬುಂಟು 22.04ರಲ್ಲಿ, ಅಂದರೆ ಪೈಥಾನ್ 3.10ರಲ್ಲಿ ಹಾಕಿ ನೋಡಿದೆ. ಖಾಲಿ ಸಾಲುಗಳು ಹೆಚ್ಚಿರುವ ದೊಡ್ಡ ಕಡತ ಕೊಟ್ಟರೆ ‘ಮಾರಣಾಂತಿಕ ದೋಷ: ನನ್ ಅನ್ನು ವಿಸರ್ಜಿಸಲಾಗುತ್ತಿದೆ’ ಎಂದು ನಿಲ್ಲುತ್ತದೆ. ಮೊಳೆಜೋಡಕರ ಯಂತ್ರದಲ್ಲಿ ಆಗುವುದಿಲ್ಲವೇ?

ಹಳೆಯ_ಶೆಲ್ · 2.25

ಒಳ್ಳೆಯ ಬೇಟೆ. ಖಾಲಿ ಸಾಲಿಗೆ ಆ ಫಂಕ್ಷನ್ ‘ಪೈ_ನನ್’ ಅನ್ನು, ಅಂದರೆ ‘ಏನೂ ಇಲ್ಲ’ ಎಂಬ ಪೈಥಾನ್ ವಸ್ತುವನ್ನು, ಅದರ ಬಳಕೆಯ ಲೆಕ್ಕ ಏರಿಸದೆ ಹಿಂತಿರುಗಿಸುತ್ತಿದೆ. ಪ್ರತಿ ಸಲವೂ ಒಂದು ಎಣಿಕೆ ಕಡಿಮೆಯಾಗಿ, ಕೊನೆಗೆ ಸೊನ್ನೆಯಾಗಿ, ಪೈಥಾನ್ ತನ್ನದೇ ‘ನನ್’ ಅನ್ನು ಎಸೆಯಲು ಹೊರಡುತ್ತದೆ. 3.12ರಲ್ಲಿ ‘ನನ್’ ಅಮರ, ಅದರ ಎಣಿಕೆ ಇಳಿಯುವುದಿಲ್ಲ. ಹಾಗಾಗಿ ಅವರಲ್ಲಿ ತಪ್ಪು ಇದೆ, ಶಿಕ್ಷೆ ಇಲ್ಲ. ‘ಪೈ_ರಿಟರ್ನ್_ನನ್’ ಮ್ಯಾಕ್ರೋ ಹಾಕಿದರೆ ಎರಡೂ ಕಡೆ ಸರಿ.

ಗಿರಿನಗರದ_ಗೂಬೆ · 2.31

ಜಿಸಿಸಿ 14ರಲ್ಲಿ ಈಗ ಒಂದು ಎಚ್ಚರಿಕೆಯೂ ಇಲ್ಲದೆ ಕಂಪೈಲ್ ಆಗುತ್ತಿದೆ ಎಂದು ತಿಳಿಸಲು ಬಂದೆ. ರಸ್ಟ್ ಬಗ್ಗೆ ಏನೂ ಹೇಳುವುದಿಲ್ಲ.

ಮೊಳೆಜೋಡಕ · ಮಂಗಳವಾರ ಸಂಜೆ 6.45

‘ನನ್’ ಸಾಲನ್ನೂ ಸರಿಪಡಿಸಿದೆ. ಮೊದಲ ಸಂಪುಟ ಪೂರ್ತಿ ಯೂನಿಕೋಡ್‌ಗೆ ಬಂದಿದೆ. ಒಂದು ವಿಚಿತ್ರ ಉಳಿದಿದೆ. ಪರದೆಯಲ್ಲಿ ‘ಲೋಕ’ ಎಂಬ ಪದ ಹತ್ತಾರು ಕಡೆ ಕಾಣುತ್ತದೆ, ಹುಡುಕಿದರೆ ಒಂದೂ ಸಿಗುವುದಿಲ್ಲ. ಪದಸೂಚಿ ಮಾಡುವವರು ನನ್ನನ್ನು ಅನುಮಾನದಿಂದ ನೋಡುತ್ತಿದ್ದಾರೆ.

ಅರ್ಕಾವತ್ತು · 7.10

ಕೋಷ್ಟಕವು ಓತ್ವ ದೀರ್ಘವನ್ನು ಮೂರು ತುಂಡುಗಳಾಗಿ ಕೊಡುತ್ತಿದೆ: ಎತ್ವ, ಊ ಕೊಂಬು, ದೀರ್ಘ. ನೀವು ಕೀಲಿಮಣೆಯಲ್ಲಿ ಒತ್ತುವುದು ಒಂದೇ ಸಂಕೇತ. ನಿಮ್ಮ ‘ಲೋಕ’ ಮೂರು ಸಂಕೇತ, ಕಡತದ ‘ಲೋಕ’ ಐದು. ಕಣ್ಣಿಗೆ ಒಂದೇ. ಸಿ ಮುಟ್ಟಬೇಡಿ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್‌ಗೆ ‘ಎನ್‌ಎಫ್‌ಸಿ’ (ಬಿಡಿ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ಎಂದು ಕೊಟ್ಟು, ಮಾಡ್ಯೂಲಿನಿಂದ ಬಂದ ಪಠ್ಯವನ್ನು ಒಮ್ಮೆ ಹಾಯಿಸಿ. ಏತ್ವ ದೀರ್ಘ, ಐತ್ವ, ಗುಡಿಸು ದೀರ್ಘಗಳೂ ಅದರಲ್ಲೇ ಸರಿಯಾಗುತ್ತವೆ.

ಮೊಳೆಜೋಡಕ · 7.35

ಒಂದು ಸಾಲು ಸೇರಿಸಿದೆ. ‘ಲೋಕ’ ಅರವತ್ತೆರಡು ಕಡೆ ಸಿಕ್ಕಿತು. ನಾಳೆ ಎರಡನೆಯ ಸಂಪುಟ. ಸಿ ಕಡತದ ತಲೆಯಲ್ಲಿ ಆ ಹಳೆಯ ಸಹೋದ್ಯೋಗಿ 2013ರಲ್ಲಿ ಬರೆದಿದ್ದ ಒಂದು ಟಿಪ್ಪಣಿ ಈಗಷ್ಟೇ ಕಣ್ಣಿಗೆ ಬಿತ್ತು: ‘ಎರಡು ಪಟ್ಟು ಸಾಕು ಎನ್ನಿಸುತ್ತದೆ, ಆಮೇಲೆ ನೋಡೋಣ.’